ನಾರ್ವೆಗಾಗಿ ಅತ್ತವರು ಬಾಲಮಂದಿರದ ಗೇಟಿನ ಬಳಿಗೂ ಬನ್ನಿ



ಭೀಮರಾಯನಗುಡಿಯ ಕ್ಯಾಂಪಿನ ದಿನಗಳನ್ನು ಕುರಿತು ಬರೆಯುವೆನೆಂದು ಕಳೆದ ಸಲ ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ, ಕ್ಷಮಿಸಬೇಕು. ಈ ಸಲದ ಬರಹ ಸಿಟ್ಟಿನದು. ತರಗತಿಯಲ್ಲಿ ನನ್ನ ಸಿಟ್ಟನ್ನು ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಅದು ಸೀಮೆಸುಣ್ಣದ ತುಂಡೊಂದು ಹಾರುವವರೆಗೆ ಮಾತ್ರ ಇರುತ್ತಿತ್ತು. ಇದು 2022ರಿಂದ ಆರಿಲ್ಲ.

ದೀಪಾವಳಿಗೆ ಮಗಳ ಮನೆಯಲ್ಲಿ ನಾವೆಲ್ಲ ಕೂಡಿದ್ದಾಗ ಮಕ್ಕಳು ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ಎಂಬ ಹಿಂದಿ ಚಿತ್ರವನ್ನು ಹಾಕಿದರು. 2023ರಲ್ಲಿ ಬಂದ ಚಿತ್ರ. ನಾರ್ವೆಯ ಸ್ಟವಾಂಗರ್ ನಗರದಲ್ಲಿ ವಾಸವಾಗಿದ್ದ ಬಂಗಾಳಿ ದಂಪತಿಗಳ ಇಬ್ಬರು ಎಳೆಯ ಮಕ್ಕಳನ್ನು 2011ರ ಮೇ ತಿಂಗಳಲ್ಲಿ ಅಲ್ಲಿಯ ನಗರಾಡಳಿತದ ಮಕ್ಕಳ ಕಲ್ಯಾಣ ವಿಭಾಗದವರು ತಮ್ಮ ವಶಕ್ಕೆ ತೆಗೆದುಕೊಂಡ ನಿಜ ಸಂಗತಿಯೇ ಅದರ ಕಥೆ. ಕೈತುತ್ತು ತಿನ್ನಿಸಿದ್ದು, ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಅಪರಾಧವಾಯಿತೆಂದು ತಂದೆತಾಯಿಗಳು ಹೇಳಿದರು. ಕಾರಣ ಅದಲ್ಲವೆಂದು ಅಲ್ಲಿಯ ಅಧಿಕಾರಿಗಳು ಹೇಳಿದರು. ವರ್ಷದಲ್ಲಿ ಎರಡು ಮೂರು ಸಲ, ಒಂದೊಂದು ಗಂಟೆ ಮಾತ್ರ ಮಕ್ಕಳನ್ನು ಕಾಣಲು ಅವಕಾಶವೆಂಬ ಸುದ್ದಿ ಬಂದಾಗ ನಮ್ಮ ದೇಶವೇ ಮರುಗಿತು. ಸಂಸತ್ತಿನಲ್ಲಿ ಮಾತಾಯಿತು, ವಿದೇಶಾಂಗ ಸಚಿವಾಲಯ ಎದ್ದು ನಿಂತಿತು. ಮುಂದೆ ಜರ್ಮನಿಯ ಬರ್ಲಿನ್ನಿನಲ್ಲಿ 2021ರಲ್ಲಿ ಗುಜರಾತಿ ದಂಪತಿಗಳ ಹಸುಗೂಸೊಂದನ್ನು ಅಲ್ಲಿಯ ಯುವಜನ ಕಚೇರಿ ತೆಗೆದುಕೊಂಡಾಗಲೂ ಹಾಗೆಯೇ ಆಯಿತು. 2023ರಲ್ಲಿ ಹತ್ತೊಂಬತ್ತು ಪಕ್ಷಗಳ 59 ಸಂಸದರು ಜರ್ಮನಿಯ ರಾಯಭಾರಿಗೆ ಪತ್ರ ಬರೆದರು. ನಮ್ಮ ಸಂಸದರು ಹತ್ತೊಂಬತ್ತು ಪಕ್ಷಗಳಿಂದ ಒಂದೇ ಕಾಗದಕ್ಕೆ ರುಜು ಹಾಕಿದ್ದನ್ನು ನೀವು ಇನ್ನೆಲ್ಲಾದರೂ ಕಂಡಿದ್ದರೆ ನನಗೂ ತಿಳಿಸಿರಿ.

ಚಿತ್ರ ಮುಗಿದಾಗ ಎಲ್ಲರ ಕಣ್ಣೂ ಒದ್ದೆಯಾಗಿತ್ತು. ‘ಎಂಥಾ ಕಟುಕ ಜನ’ ಎಂದು ನನ್ನ ಬೀಗರು ನಾರ್ವೆಯವರನ್ನು ಬೈದರು. ನಾನು ಸುಮ್ಮನಿದ್ದೆ. ನನ್ನ ಕಣ್ಣ ಮುಂದೆ ಬೇರೊಂದು ಗೇಟು, ಅದರ ಮುಂದೆ ಶೇಂಗಾ ಹೋಳಿಗೆಯ ಗಂಟು ಹಿಡಿದು ನಿಂತ ಬೇರೊಬ್ಬ ತಾಯಿ ಬಂದು ನಿಂತಿದ್ದಳು.

ಚಿತ್ರಕ್ಕೆ ಕಣ್ಣೀರಿಟ್ಟವರು ಆ ಬಂಗಾಳಿ ಮಕ್ಕಳ ಮುಂದಿನ ಸಂಗತಿಯನ್ನೂ ತಿಳಿಯಬೇಕು. 2012ರ ಏಪ್ರಿಲ್‌ನಲ್ಲಿ ಮಕ್ಕಳನ್ನು ಭಾರತಕ್ಕೆ ಕಳಿಸಿದ್ದು ಚಿಕ್ಕಪ್ಪನ ವಶಕ್ಕೆ. ತಾಯಿಗೆ ಅವರನ್ನು ಪಡೆಯಲು ಇಲ್ಲಿ, ನಮ್ಮ ಸ್ವಂತ ನೆಲದಲ್ಲಿ, ಮತ್ತೆ ಹೋರಾಡಬೇಕಾಯಿತು. ಬರ್ದ್ವಾನ್ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ತಾಯಿಯ ಪರವಾಗಿ ನಿಂತಿತು. ಅದರ ಮಾತು ನಡೆಯದಾದಾಗ ಆಕೆ ಕಲ್ಕತ್ತಾ ಹೈಕೋರ್ಟಿಗೆ ಹೋದಳು, 2013ರ ಜನವರಿಯಲ್ಲಿ ಮಕ್ಕಳು ಕೈಸೇರಿದರು. ಅಂದರೆ ಒಂದು ಸಮಿತಿ ಮನಸ್ಸು ಮಾಡಿದರೆ ತಾಯಿಯ ಬೆನ್ನಿಗೆ ನಿಲ್ಲಬಲ್ಲದು. ಆದ್ದರಿಂದಲೇ ನಿಲ್ಲದ ಸಮಿತಿಯ ಮೇಲೆ ನನಗೆ ಸಿಟ್ಟು.

ಮಕ್ಕಳ ಕಲ್ಯಾಣ ಸಮಿತಿ ಎಂದರೇನೆಂಬುದು ನಿಮ್ಮಲ್ಲಿ ಬಹಳ ಜನಕ್ಕೆ ತಿಳಿದಿರಲಾರದು. ನನಗೂ ತಿಳಿದಿರಲಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಇಂಥದೊಂದು ಸಮಿತಿ ಇರಬೇಕು. ದಿಕ್ಕಿಲ್ಲದೆ ಸಿಕ್ಕ ಮಗು, ದುಡಿಮೆಯಿಂದ ಬಿಡಿಸಿದ ಮಗು, ಬಾಲ್ಯವಿವಾಹದಿಂದ ತಪ್ಪಿಸಿದ ಮಗು, ಯಾವುದೇ ಆಗಲಿ, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಇವರ ಮುಂದೆ ಬರಬೇಕು. ಅದನ್ನು ಬಾಲಮಂದಿರದಲ್ಲಿ ಇಡಬೇಕೋ, ಮನೆಗೆ ಕಳಿಸಬೇಕೋ ಎಂದು ಇವರೇ ನಿರ್ಧರಿಸುತ್ತಾರೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಇವರಿಗಿದೆ. ಅಧಿಕಾರದ ಜೊತೆಗೆ ಕಾಯಿದೆ ಕರ್ತವ್ಯವನ್ನೂ ಬರೆದಿದೆ. ತಿಂಗಳಿಗೆ ಕನಿಷ್ಠ 20 ದಿನ ಕೂಡಬೇಕು, 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಕೊನೆಯ ಆದೇಶವಾಗಬೇಕು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಈಗ ಆ ತಾಯಿಯ ವಿಷಯ. ಅವಳು ನನ್ನ ವಿದ್ಯಾರ್ಥಿನಿ, ಶಹಾಪುರದ ಸಮೀಪದ ಹಳ್ಳಿಯವಳು. ಹೆಸರು ಬರೆಯುವುದಿಲ್ಲ. ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟಳು. ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮಲ್ಲಿ ಹುಡುಗಿಯರ ಬೆಂಚು ಹೇಗೆ ಬರಿದಾಗುತ್ತಿತ್ತೆಂಬುದನ್ನು ನೀವು ಬಲ್ಲಿರಿ. ಕೃಷ್ಣೆಯ ಕಾಲುವೆಯ ನೀರು ಅವಳ ಗಂಡನ ಎರಡೆಕರೆಯನ್ನು ಮುಟ್ಟಿಲ್ಲ. 2022ರ ಬೇಸಿಗೆಯಲ್ಲಿ ಗಂಡಹೆಂಡಿರು ಎಂಟು ವರ್ಷದ ಮಗನನ್ನು ಕರೆದುಕೊಂಡು, ನಮ್ಮ ಕಡೆಯ ಸಾವಿರಾರು ಜನರಂತೆ, ದೂರದ ದೊಡ್ಡ ನಗರವೊಂದಕ್ಕೆ ಕಟ್ಟಡದ ಕೆಲಸಕ್ಕೆ ಹೋದರು. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಒಂದು ದಿನ ಮಧ್ಯಾಹ್ನ ಇಬ್ಬರೂ ಮೇಲಿನ ಅಂತಸ್ತಿನಲ್ಲಿದ್ದಾಗ ಹುಡುಗ ಆಡುತ್ತಾ ಬೀದಿಗೆ ಹೋಗಿ ದಾರಿ ತಪ್ಪಿದ. ಬಸ್ ನಿಲ್ದಾಣದಲ್ಲಿ ಅಳುತ್ತಿದ್ದವನನ್ನು ಪೊಲೀಸರು ಕಂಡು ಸಮಿತಿಗೆ ಒಪ್ಪಿಸಿದರು, ಸಮಿತಿ ಬಾಲಮಂದಿರಕ್ಕೆ ಕಳಿಸಿತು. ಇಲ್ಲಿಯವರೆಗೆ ಎಲ್ಲವೂ ಸರಿ. ಅವನನ್ನು ಕಾಪಾಡಿದ ಆ ಪೊಲೀಸಿನವನಿಗೆ ನಾನು ಕೈಮುಗಿಯುತ್ತೇನೆ.

ಮೂರನೆಯ ದಿನ ತಾಯಿಗೆ ಮಗ ಇರುವ ಜಾಗ ತಿಳಿಯಿತು. ಓಡಿಹೋದಳು. ಅಂದಿನಿಂದ ಅವನು ಮನೆಗೆ ಬರುವವರೆಗೆ ಕಳೆದದ್ದು ನಾಲ್ಕು ತಿಂಗಳು ಹನ್ನೊಂದು ದಿನ. ಅಷ್ಟರಲ್ಲಿ ಅವಳು ಒಂಬತ್ತು ಸಲ ಆ ಗೇಟಿಗೆ ಹೋದಳು, ಮಗನನ್ನು ಕಂಡದ್ದು ಎರಡು ಸಲ. ಒಮ್ಮೆ 20 ನಿಮಿಷ, ಒಮ್ಮೆ 15 ನಿಮಿಷ. ನಡುವೆ ಮೇಜು, ಪಕ್ಕದಲ್ಲಿ ಕಾವಲಿಗೆ ಒಬ್ಬ ಸಿಬ್ಬಂದಿ. ಸ್ಟವಾಂಗರಿನ ಲೆಕ್ಕವನ್ನು ಮೇಲೆ ಬರೆದಿದ್ದೇನೆ. ನಮ್ಮದು ಅದಕ್ಕಿಂತ ಉದಾರವೆಂದು ಹೇಳುವ ಧೈರ್ಯ ನನಗಿಲ್ಲ.

ಎರಡನೆಯ ತಿಂಗಳಲ್ಲಿ ಅವಳು ನನಗೆ ಫೋನು ಮಾಡಿದಳು. ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. “ಸರ್ರೀ, ಮಗನ್ನ ಈಗ ಕೊಡಲಿಲ್ಲಂದ್ರ ಬಿಡ್ರಿ, ಒಂದೀಟ ಮಕಾರ ತೋರಸ್ರಿ ಅಂತ ಕೇಳಕೊಂಡೆ. ಇವತ್ತ ಸಾಹೇಬರು ಬಂದಿಲ್ಲ, ಕಾಗದ ಸರಿ ಇಲ್ಲ, ಮುಂದಿನ ವಾರ ಬಾ ಅಂತಾರ್ರೀ. ಒಂದು ದಿನ ಹೋದ್ರ ಒಂದು ದಿನದ ಪಗಾರ ಹೋಗ್ತೈತ್ರೀ. ಮೇಸ್ತ್ರಿ ನಾಳಿಂದ ಬರಬ್ಯಾಡ ಅಂದಾನ.”

ಕಾಗದದಲ್ಲಿ ಸರಿಯಿಲ್ಲದ್ದು ಏನು? ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ, ಏಕೆಂದರೆ ಅಪರಾಧಿಗಳಲ್ಲಿ ನಾನೂ ಒಬ್ಬ. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಕೊನೆಗೆ ‘ಮ್ಮ’ ಇದೆ, ಆಧಾರಿನಲ್ಲಿ ‘ಬಾಯಿ’, ಪಡಿತರ ಚೀಟಿಯಲ್ಲಿ ‘ವ್ವ’. ನಮ್ಮ ಊರಿನಲ್ಲಿ ಮೂರೂ ಒಂದೇ. ಆ ಕಚೇರಿಯಲ್ಲಿ ಮೂವರು ಹೆಂಗಸರು! ಹುಟ್ಟಿದ ದಿನಾಂಕವೂ ಎರಡು ಬಗೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿರುವುದು ಜೂನ್ 1. ಬರೆದವನು ನಾನೇ. ನಿಮ್ಮಲ್ಲಿ ಎಷ್ಟು ಜನರ ಜನ್ಮದಿನ ಜೂನ್ 1 ಎಂದು ಎಣಿಸಿಕೊಳ್ಳಿರಿ! ಹುಟ್ಟಿದ ದಿನ ತಿಳಿಯದ ಮಗುವಿಗೆ ಶಾಲೆ ಸುರುವಾಗುವ ದಿನವನ್ನೇ ಹಾಕಿ, ಒಂದು ಕೆಲಸ ಮುಗಿಯಿತೆಂದು ರಿಜಿಸ್ಟರು ಮುಚ್ಚುತ್ತಿದ್ದೆವು. ಆ ಒಂದು ಅಂಕೆ ಹದಿನೈದು ವರ್ಷಗಳ ಮೇಲೆ ಒಬ್ಬ ತಾಯಿಗೂ ಮಗನಿಗೂ ನಡುವೆ ಅಡ್ಡಗೋಡೆಯಾದೀತೆಂದು ನನಗೆ ಹೊಳೆದಿರಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡೆಯದು. ಅಂಥ ಜಿಲ್ಲೆಯವರಿಂದ ಅಚ್ಚುಕಟ್ಟಾದ ಕಾಗದ ಬಯಸುವ ಕಚೇರಿಗೆ ನಾನು ಏನು ಹೇಳಲಿ?

ನಿಜವಾಗಿ ಇವಳೇ ತಾಯಿಯೋ ಎಂದು ಪರೀಕ್ಷಿಸಬಾರದೇ ಎಂದು ನೀವು ಕೇಳಬಹುದು. ಖಂಡಿತ ಪರೀಕ್ಷಿಸಬೇಕು. ಮಕ್ಕಳನ್ನು ಕದಿಯುವವರೂ ಈ ಲೋಕದಲ್ಲಿದ್ದಾರೆ. ಆದರೆ ಮಗುವನ್ನು ಒಪ್ಪಿಸುವುದಕ್ಕೆ ಬೇಕಾದ ಪುರಾವೆ ಬೇರೆ, ಸಿಬ್ಬಂದಿಯ ಕಣ್ಣೆದುರಿಗೆ ಮುಖ ತೋರಿಸುವುದಕ್ಕೆ ಬೇಕಾದ ಪುರಾವೆ ಬೇರೆ. ಹುಡುಗನನ್ನು ಹೊರಗೆ ಕರೆತಂದಿದ್ದರೆ ಅರ್ಧ ನಿಮಿಷದಲ್ಲಿ ಅವನೇ ಸಾಕ್ಷಿ ಹೇಳುತ್ತಿದ್ದ. ಎಂಟು ವರ್ಷದ ಹುಡುಗ ತನ್ನ ತಾಯಿಯನ್ನು ಗುರುತಿಸಲಾರನೇ? ಅವನನ್ನು ಕೇಳಬೇಕೆಂದು ಆ ನಾಲ್ಕು ತಿಂಗಳಲ್ಲಿ ಯಾರಿಗೂ ತೋಚಲಿಲ್ಲ. ತನಗೆ ಸಂಬಂಧಿಸಿದ ನಿರ್ಧಾರದಲ್ಲಿ ಮಗುವಿನ ಮಾತನ್ನು ಕೇಳಬೇಕೆಂದು ಅದೇ ಕಾಯಿದೆಯ ಮೂಲತತ್ತ್ವಗಳಲ್ಲಿ ಬರೆದಿದೆ.

ಸಾಮಾಜಿಕ ತನಿಖಾ ವರದಿಯ ಕಥೆಯನ್ನು ಕೇಳಿರಿ, ನಗುವಿರೋ ಅಳುವಿರೋ ನಿಮಗೆ ಬಿಟ್ಟದ್ದು. ಮನೆಯ ಸ್ಥಿತಿಗತಿ ನೋಡಿ ವರದಿ ಕೊಡಿರೆಂದು ಆ ನಗರದಿಂದ ನಮ್ಮ ಕಡೆಗೆ ಪತ್ರ ಬಂತು. ಇಲ್ಲಿಂದ ಒಬ್ಬರು ಹಳ್ಳಿಗೆ ಹೋಗಿ ನೋಡಿ ‘ಮನೆಗೆ ಬೀಗ ಹಾಕಿದೆ, ವಾಸವಿರುವುದಿಲ್ಲ’ ಎಂದು ಬರೆದು ಕಳಿಸಿದರು. ಬೀಗ ಇರದೆ ಏನಿದ್ದೀತು? ಆ ಮನೆಯ ಗಂಡಹೆಂಡಿರು, ಪತ್ರ ಬರೆದ ಕಚೇರಿಯಿಂದ ಆರು ಕಿಲೋಮೀಟರ್ ದೂರದ ತಗಡಿನ ಶೆಡ್ಡಿನಲ್ಲಿ, ತಮ್ಮ ಮಗ ಯಾವಾಗ ಬಿಡುಗಡೆಯಾಗುವನೆಂದು ಕಾಯುತ್ತಿದ್ದರು. ಆ ಆರು ಕಿಲೋಮೀಟರಿಗೆ ಯಾರೂ ಹೋಗಲಿಲ್ಲ. ಐನೂರು ಕಿಲೋಮೀಟರ್ ಆಚೆಯ ಬೀಗವನ್ನು ನೋಡಿಸಿದರು.

ನಾಲ್ಕನೆಯ ತಿಂಗಳ ಕೊನೆಗೆ ನಾನೇ ಹೊರಟೆ. ಶಾಲೆಯ ಈಗಿನ ಮುಖ್ಯೋಪಾಧ್ಯಾಯರು, ಅವರೂ ನನ್ನ ಶಿಷ್ಯರೇ, ರಿಜಿಸ್ಟರಿನ ದೃಢೀಕೃತ ಪ್ರತಿ ಕೊಟ್ಟರು. ಗ್ರಾಮ ಪಂಚಾಯಿತಿಯಿಂದ ಮೂರು ಹೆಸರೂ ಒಬ್ಬಳದೇ ಎಂಬ ಪತ್ರ ಬರೆಸಿಕೊಂಡೆ. ರಾತ್ರಿ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಆ ನಗರ ಸೇರಿದೆ. ಸಮಿತಿಯವರು ನನ್ನನ್ನು ಕೂಡಿಸಿ ಮಾತಾಡಿಸಿದರು, ಚಹಾ ತರಿಸಿದರು. ಅಂದೇ ಆ ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ‘ನಿವೃತ್ತ ಶಿಕ್ಷಕ’ ಎಂಬ ಮಾತು, ಇವುಗಳಿಗೆ ಸಿಕ್ಕ ಕುರ್ಚಿ ಹೆತ್ತವಳಿಗೆ ಸಿಗಲಿಲ್ಲ. ಒಬ್ಬ ಸದಸ್ಯರು, ‘ಇಂಥವರು ಮಕ್ಕಳನ್ನು ಬೀದಿಗೆ ಬಿಟ್ಟು ಆಮೇಲೆ ನಮ್ಮ ಮೇಲೆ ಬರುತ್ತಾರೆ ಸರ್’ ಎಂದರು. ಆ ‘ಇಂಥವರು’ ಕಟ್ಟುವ ಮನೆಗಳಲ್ಲಿಯೇ ನಾವೆಲ್ಲ ವಾಸಿಸುತ್ತೇವೆಂದು ನಾನು ಹೇಳಬೇಕಿತ್ತು. ಕೆಲಸ ಕೆಟ್ಟೀತೆಂಬ ಅಂಜಿಕೆಯಿಂದ ಹೇಳಲಿಲ್ಲ. ಈಗ ಇಲ್ಲಿ ಹೇಳುತ್ತಿದ್ದೇನೆ.

ಹತ್ತು ದಿನಗಳ ಮೇಲೆ ಆದೇಶವಾಗಿ ಹುಡುಗನನ್ನು ಒಪ್ಪಿಸಿದರು. ಅವನು ತಾಯಿಯನ್ನು ಕೇಳಿದ ಮೊದಲ ಮಾತು, “ಯವ್ವಾ, ನೀ ಯಾಕ ಬರಲಿಲ್ಲ?”

ಒಂಬತ್ತು ಸಲ ಬಂದವಳಿಗೆ ಈ ಪ್ರಶ್ನೆ! ಏಳು ಸಲ ಅವಳು ಗೇಟಿಗೆ ಬಂದು ಹಿಂದಿರುಗಿದ್ದನ್ನು ಒಳಗಿದ್ದ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಶೇಂಗಾ ಹೋಳಿಗೆಯನ್ನು ಒಳಗೆ ಬಿಡಲಿಲ್ಲ, ಆಗಲಿ, ಹೊರಗಿನ ತಿಂಡಿಗೆ ಬೇಡವೆನ್ನಲು ಕಾರಣವಿದ್ದೀತು. ‘ನಿಮ್ಮವ್ವ ಬಂದಿದ್ದಳು, ನಿನ್ನನ್ನು ಕೇಳಿದಳು, ಮತ್ತೆ ಬರುತ್ತಾಳೆ’ ಎಂದು ಹೇಳುವುದಕ್ಕೆ ಯಾವ ನಿಯಮ ಅಡ್ಡಬಂದಿತ್ತು? ತಾಯಿ ತನ್ನನ್ನು ಬಿಟ್ಟುಬಿಟ್ಟಳೆಂದು ನಂಬಿ ಆ ಮಗು ನಾಲ್ಕು ತಿಂಗಳು ಮಲಗಿದೆ. ಒಂದೇ ವಾಕ್ಯಕ್ಕೆ ಯಾವ ಖರ್ಚೂ ಇರಲಿಲ್ಲ.

ನಿಯಮಗಳ ಮಾತು ಬಂತು. ಕೇಂದ್ರ ಸರ್ಕಾರದ 2007ರ ಬಾಲನ್ಯಾಯ ನಿಯಮಗಳಲ್ಲಿ, ತಂದೆತಾಯಿ ಮತ್ತು ಬಂಧುಗಳಿಗೆ ತಿಂಗಳಿಗೊಮ್ಮೆ, ವಿಶೇಷ ಸಂದರ್ಭದಲ್ಲಿ ಇನ್ನೂ ಹೆಚ್ಚು ಸಲ ಭೇಟಿಗೆ ಅವಕಾಶ ಕೊಡಬೇಕೆಂದಿತ್ತು. ಮಗುವಿಗೆ ಬರುವ ಪತ್ರಗಳನ್ನು ತಡೆಯಬಾರದು, ಮಗು ಮನೆಗೆ ತಿಂಗಳಿಗೆ ಒಂದಾದರೂ ಪತ್ರ ಬರೆಯುವಂತೆ ಸಂಸ್ಥೆಯೇ ನೋಡಿಕೊಳ್ಳಬೇಕು, ಅಂಚೆವೆಚ್ಚವನ್ನೂ ಕೊಡಬೇಕು ಎಂದೂ ಇತ್ತು. ಆ ಮಾತುಗಳನ್ನು ಬರೆದವರು ಯಾರೋ ತಿಳಿಯದು, ಒಳ್ಳೆಯ ಮನುಷ್ಯನಿರಬೇಕು. 2016ರ ಹೊಸ ನಿಯಮಗಳಲ್ಲೂ ಭೇಟಿ ಮತ್ತು ಸಂಪರ್ಕಕ್ಕೆ ಪ್ರತ್ಯೇಕ ಜಾಗವಿದೆ. ಇವೆಲ್ಲಕ್ಕೂ ಮೇಲೆ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಒಂಬತ್ತನೆಯ ವಿಧಿ ಇದೆ. ಮಗುವಿನ ಹಿತಕ್ಕೆ ವಿರುದ್ಧವಾಗದ ಹೊರತು, ತಂದೆತಾಯಿಗಳಿಂದ ಬೇರ್ಪಟ್ಟ ಮಗುವಿಗೆ ಅವರನ್ನು ಕ್ರಮವಾಗಿ ಕಾಣುವ, ಅವರೊಡನೆ ನೇರ ಸಂಪರ್ಕವಿರಿಸಿಕೊಳ್ಳುವ ಹಕ್ಕುಂಟೆಂದು ಅದು ಹೇಳುತ್ತದೆ. ಭಾರತ 1992ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡಿದೆ. ಹಕ್ಕು ಯಾರದು, ಗಮನಿಸಿರಿ. ತಾಯಿಯ ಕೋರಿಕೆಯ ಮೇರೆಗೆ ಸಾಹೇಬರು ದಯಪಾಲಿಸುವ ವಸ್ತುವಲ್ಲ ಅದು, ಮಗುವಿನದು. ಅದನ್ನು ಕೊಡದೆ ಇರುವ ಕಚೇರಿ ಶಿಕ್ಷಿಸುತ್ತಿರುವುದು ತಾನು ಕಾಪಾಡುತ್ತಿರುವ ಮಗುವನ್ನೇ.

ನಾವು ಬೈಯುವ ಆ ನಾರ್ವೆಗೂ ಒಬ್ಬ ಕಿವಿ ಹಿಂಡುವವನಿದ್ದಾನೆ. 2019ರ ಸೆಪ್ಟೆಂಬರ್ 10ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ, ಮಗನನ್ನು ಕಳೆದುಕೊಂಡ ನಾರ್ವೆಯ ತಾಯಿಯೊಬ್ಬಳ ಮೊಕದ್ದಮೆಯಲ್ಲಿ, ಅವಳ ಕುಟುಂಬ ಜೀವನದ ಹಕ್ಕಿಗೆ ಭಂಗವಾಗಿದೆಯೆಂದು ತೀರ್ಪಿತ್ತಿತು. ಭೇಟಿಗಳನ್ನು ಅಷ್ಟು ವಿರಳಗೊಳಿಸಿದ ಮೇಲೆ, ಆ ಭೇಟಿಗಳನ್ನೇ ನೋಡಿ ತಾಯಿಯ ಯೋಗ್ಯತೆಯನ್ನು ಅಳೆಯಲು ಸಿಗುವ ಆಧಾರ ತೀರ ಅಲ್ಪವೆಂಬುದು ಅದರ ಒಂದು ಮುಖ್ಯ ವಿಚಾರ. ನಮ್ಮಲ್ಲಿಯೂ ಅದೇ ನಡೆಯುತ್ತದೆ. ಮೊದಲು ಗೇಟಿನಿಂದ ಹಿಂದಕ್ಕೆ ಕಳಿಸುತ್ತಾರೆ. ಕೂಲಿ ಕಳೆದುಕೊಂಡು ಸೋತು ಎರಡು ವಾರ ಬರದಿದ್ದರೆ ‘ಪೋಷಕರಿಗೆ ಆಸಕ್ತಿ ಇರುವುದಿಲ್ಲ’ ಎಂದು ಕಡತದಲ್ಲಿ ಬರೆಯುತ್ತಾರೆ. ಅವಳ ಕಡತದಲ್ಲಿ ಆ ಸಾಲನ್ನು ನಾನು ಕಣ್ಣಾರೆ ಓದಿದೆ.

ಎಲ್ಲ ತಂದೆತಾಯಿಗಳೂ ಒಳ್ಳೆಯವರೆಂದು ನಾನು ಹೇಳುವವನಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನಿಗೆ ಬೆನ್ನ ಮೇಲಿನ ಬರೆಗಳು ಕಾಣದೆ ಇರಲಿಲ್ಲ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಮದುವೆ ನಿಲ್ಲಿಸಲು ನಾನೇ ದೂರು ಕೊಟ್ಟಿದ್ದೇನೆ. ಆಮೇಲೆ ಆ ತಂದೆ ಮಗಳನ್ನು ಕಾಣಲು ಬಂದದ್ದು ಪ್ರೀತಿಯಿಂದಲ್ಲ, ಹೇಳಿಕೆ ಬದಲಿಸೆಂದು ಹೆದರಿಸಲು. ಅಂಥಲ್ಲಿ ಬಾಗಿಲು ಹಾಕಬೇಕು, ಹಾಕಿದ ಕಾರಣವನ್ನು ಬರೆದು ಕೊಡಬೇಕು, ಹಾಕಿದ್ದು ಎಷ್ಟು ದಿನಕ್ಕೆಂದು ಹೇಳಬೇಕು. ಅಪಾಯವಿರುವ ಕಡೆ ಕಾವಲಿನಲ್ಲಿ ಭೇಟಿ ಮಾಡಿಸಲಿ. ನನ್ನ ಆಕ್ಷೇಪ ಎಚ್ಚರಿಕೆಯ ಮೇಲಲ್ಲ, ಆಲಸ್ಯಕ್ಕೆ ಎಚ್ಚರಿಕೆಯ ವೇಷ ಹಾಕಿಸುವುದರ ಮೇಲೆ.

ಹಳೆಯ ಮಾತೊಂದು ನೆನಪಾಗುತ್ತದೆ. ನಮ್ಮ ಹಾಸ್ಟೆಲಿನ ಹುಡುಗರಿಗೆ ಅದು ಗೊತ್ತು. ಸಂತೆಯ ದಿನ ತಾಂಡಾಗಳಿಂದ, ಹಳ್ಳಿಗಳಿಂದ ಬಂದ ತಂದೆಗಳು ಕಂಪೌಂಡಿನ ಆಚೆ ನಿಂತು ಮಗನ ದಾರಿ ನೋಡುತ್ತಿದ್ದರು. ನಿಯಮದ ಪ್ರಕಾರ ಭೇಟಿ ಭಾನುವಾರ ಮಾತ್ರ. ವಾರ್ಡನ್‌ರು ಭಾನುವಾರವನ್ನು ಬಿಟ್ಟುಕೊಡದೆಯೇ ಒಂದು ಉಪಾಯ ಮಾಡಿದರು. ಸಂತೆಯ ದಿನ ಸಂಜೆ ಹುಡುಗರೆಲ್ಲ ಕಂಪೌಂಡಿನ ಗಿಡಗಳಿಗೆ ನೀರು ಹಾಕಬೇಕೆಂದು ಕಡ್ಡಾಯ ಮಾಡಿದರು! ಆ ಗಿಡಗಳಿಗೆ ಅಷ್ಟು ನೀರು ಬೇಕಿರಲಿಲ್ಲ. ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರವೇನೂ ಇರಲಿಲ್ಲ.

ಇನ್ನೊಂದು ಅತಿರೇಕವನ್ನೂ ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ನಡುವೆ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ, ಸಂಸ್ಥೆಗಳಲ್ಲಿರುವ ಮಕ್ಕಳನ್ನು ನೂರು ದಿನಗಳಲ್ಲಿ ಮನೆಗಳಿಗೆ ಮರಳಿಸಿರೆಂದು ಬರೆಯಿತು. ಅಲ್ಲಿಯವರೆಗೆ ಮುಖ ತೋರಿಸಲು ನೂರು ಕಾಗದ, ಆಗ ಮನೆಗೆ ಕಳಿಸಲು ನೂರು ದಿನದ ಗಡುವು! ಆ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹಾಗೆ ಮರಳಿದ ಮಕ್ಕಳ ವಿದ್ಯಾಭ್ಯಾಸಕ್ಕೆ ತಿಂಗಳಿಗೆ 2,000 ರೂಪಾಯಿ ಕೊಡಿಸಲು ಆದೇಶಿಸಿತು. ಎಷ್ಟೋ ಮಕ್ಕಳು ಅಲ್ಲಿರುವುದು ಮನೆಯವರ ಬಡತನದಿಂದಲೇ ಹೊರತು ಪ್ರೀತಿಯ ಅಭಾವದಿಂದಲ್ಲವೆಂದು ಇದರಿಂದಲೇ ತಿಳಿಯದೇ?

ಸಮಿತಿಯವರನ್ನು ನಾನು ಕೇಳುವುದು ದೊಡ್ಡದೇನಲ್ಲ. ಗೇಟಿನಲ್ಲಿ ಒಂದು ಪುಸ್ತಕ ಇಡಿರಿ. ಬಂದ ತಂದೆತಾಯಿಯ ಹೆಸರು, ಬಂದ ಹೊತ್ತು, ಭೇಟಿ ಆಯಿತೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಅದರಲ್ಲಿ ಬರೆಯಿರಿ. ಆ ಪುಸ್ತಕವನ್ನು ಪ್ರತಿ ಸಭೆಯಲ್ಲಿ ಓದಿರಿ. ಕೂಲಿಯವರಿಗೆ ರಜೆ ಸಿಗುವ ದಿನ ಭೇಟಿ ಇಡಿರಿ. ದೂರದವರಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಮಗುವಿನ ಮುಖ ತೋರಿಸಿರಿ, ಈಗ ಅದಕ್ಕೇನು ಕಷ್ಟ? ತಾಯಿ ಬಂದದ್ದನ್ನು ಅಂದೇ ಸಂಜೆಯೊಳಗೆ ಮಗುವಿಗೆ ತಿಳಿಸಿರಿ.

ನಿಮ್ಮಲ್ಲಿ ವಕೀಲರಿದ್ದೀರಿ, ಪೊಲೀಸ್ ಇಲಾಖೆಯವರಿದ್ದೀರಿ, ಶಿಕ್ಷಕರಂತೂ ಬಹಳ ಜನ. ಇಂಥ ಸಮಿತಿಯೊಂದರಲ್ಲಿ ಸದಸ್ಯರಾಗಿರುವವರೂ ಒಬ್ಬರಿದ್ದೀರಿ, ಓದುತ್ತೀರೆಂದು ಗೊತ್ತಿದ್ದೇ ಬರೆದಿದ್ದೇನೆ, ಬೇಸರವಾದರೆ ಮನೆಗೆ ಬಂದು ಜಗಳವಾಡಿರಿ. ಉಳಿದವರು ಇಷ್ಟು ತಿಳಿದಿರಲಿ. ಸಮಿತಿಯ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳಿಗೆ ಕೊಡಬಹುದು, ಕಾಯಿದೆಯೇ ಅವರನ್ನು ಅದಕ್ಕೆ ನೇಮಿಸಿದೆ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಉಂಟು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಇದು ನನಗೆ ಗೊತ್ತಿದ್ದರೆ ಅವಳ ಎರಡು ತಿಂಗಳಾದರೂ ಉಳಿಯುತ್ತಿತ್ತು.

ಹುಡುಗ ಈಗ ಹಳ್ಳಿಯಲ್ಲಿ ಅಜ್ಜಿಯ ಬಳಿ ಇದ್ದು ಶಾಲೆಗೆ ಹೋಗುತ್ತಾನೆ. ತಾಯಿ ಅವನನ್ನು ಮತ್ತೆ ನಗರಕ್ಕೆ ಕರೆದೊಯ್ಯಲು ಅಂಜುತ್ತಾಳೆ. ಆದ್ದರಿಂದ ಇಂದಿಗೂ ಅವಳು ಅವನನ್ನು ಕಾಣುವುದು ಹಬ್ಬಕ್ಕೆ ಬಂದಾಗ ಮಾತ್ರ. ಅವನ ಹೆಸರು ಮತ್ತು ಜನ್ಮದಿನಾಂಕವನ್ನು ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಮಾಡಿಸಲು ಹೋದ ತಿಂಗಳು ನಾನು ಯಾದಗಿರಿಗೆ ಎರಡು ಸಲ ಹೋಗಿಬಂದೆ. ಮುಂದಿನ ವಾರ ಮೂರನೆಯ ಸಲ ಹೋಗಬೇಕಿದೆ.